ಈಜು ಬಾರದ ಆಮೆ

ಪ್ರಾಣಿ ಸಾಕುವುದೆಂದರೆ ಪ್ರೀತಿ, ಮಮತೆ ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಎಮ್ಮೆ ಸಾಕಿದ್ದು ಹಾಲಿಗೆ, ಕೋಳಿ ಸಾಕಿದ್ದು ಮೊಟ್ಟೆಗೆ, ನಾಯಿಗೆ ಅನ್ನ ಹಾಕಿದ್ದು ಹಂದಿ ಬಂದರೆ ಬೊಗಳಲಿ ಎಂದು. ಆಮೆಯನ್ನೂ ಕೆಲಸಕ್ಕೆಂದೇ ತಂದೆ. ಆ ಕೆಲಸ ಅದಕ್ಕೆ ಬರುತ್ತಿರಲಿಲ್ಲ, ಅಷ್ಟೇ.

ನಮ್ಮ ಮನೆ ಅವರ್ಸಾದಲ್ಲಿ. ಹೆದ್ದಾರಿಯಿಂದ ಕಡಲ ಕಡೆಗೆ ಇಳಿದರೆ ಗದ್ದೆ ಬಯಲು, ಅದರ ಅಂಚಿಗೆ ಐದು ಮನೆ. ಐದೂ ಮನೆಗೆ ಕುಡಿಯುವ ನೀರು ನಮ್ಮ ಅಂಗಳದ ಬಾವಿಯದು. ಗಂಡ ಹೋಗಿ ಹತ್ತು ವರ್ಷ ಆಗಿತ್ತು. ಮನೆಯಲ್ಲಿ ಮಗ, ಸೊಸೆ, ನಾನು. ಮಗನಿಗೆ ಬೈತಖೋಲದ ಬಂದರಿನಲ್ಲಿ ಲಾರಿ ತೂಗುವಲ್ಲಿ ಕೆಲಸ, ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ನಾನು ಹಿತ್ತಲಲ್ಲಿ ಹರಿವೆ, ಬಸಳೆ, ಮೊಗೆಕಾಯಿ ಬೆಳೆದು ರವಿವಾರ ಕಾರವಾರದ ಸಂತೆಗೆ ಒಯ್ಯುತ್ತಿದ್ದೆ. ಸಂತೆಯಲ್ಲಿ ಉಳಿದ ಸೊಪ್ಪನ್ನು ಸರಕಾರಿ ನೌಕರರ ಮನೆಗಳಿರುವ ಬೀದಿಯಲ್ಲಿ ಕೊಟ್ಟು ಮುಗಿಸಿ ಬಸ್ಸು ಹತ್ತುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಮೇ ತಿಂಗಳು. ಆ ಬೀದಿಯಲ್ಲಿ ಯಾವಾಗಲೂ ನನ್ನ ಹತ್ತಿರ ಬಸಳೆ ತೆಗೆದುಕೊಳ್ಳುತ್ತಿದ್ದ ಧಾರವಾಡ ಕಡೆಯ ಹೆಂಗಸು ಸಾಮಾನು ಕಟ್ಟುತ್ತಿದ್ದಳು. ಗಂಡನಿಗೆ ವರ್ಗವಾಗಿತ್ತು. ಒಂದು ಪ್ಲಾಸ್ಟಿಕ್ ಬುಟ್ಟಿ ತಂದು ನನ್ನ ಮುಂದಿಟ್ಟಳು. ಒಳಗೆ ಒಂದು ಆಮೆ, ಒಡೆದ ತೆಂಗಿನಕಾಯಿಯ ಅರ್ಧದಷ್ಟು ದೊಡ್ಡದು. ಬೆನ್ನು ಗುಡ್ಡದ ಹಾಗೆ ಎದ್ದಿತ್ತು, ಕಪ್ಪಿನ ಮೇಲೆ ಹಳದಿ ಗೆರೆ, ಯಾರೋ ಪುರುಸೊತ್ತಿನಲ್ಲಿ ರಂಗೋಲಿ ಹಾಕಿದ ಹಾಗೆ.

"ಅಲ್ಲೆ ನಮಗ ಮೂರನೇ ಮಾಳಿಗಿ ಮನಿ ಅದ ಅಜ್ಜಿ. ನಿಮ್ಮಲ್ಲೆ ಹಿತ್ತಲ ಅದ. ನೀವ ಒಯ್ರಿ," ಎಂದಳು.

ನನಗೆ ತಕ್ಷಣ ನೆನಪಾದದ್ದು ಬಾವಿ. ಬೇಸಿಗೆಯಲ್ಲಿ ನೀರು ಇಳಿದು ಬಾವಿಯಲ್ಲಿ ಸಣ್ಣ ಹುಳ ಆಗುತ್ತಿತ್ತು. ನಮ್ಮ ಕಡೆ ಅದಕ್ಕೆ ಇರುವ ಉಪಾಯ ಒಂದೇ: ಬಾವಿಗೆ ಒಂದು ಆಮೆ ಬಿಡುವುದು. ಹುಳ ತಿನ್ನುತ್ತದೆ, ಪಾಚಿ ತಿನ್ನುತ್ತದೆ, ನೀರು ತಿಳಿಯಾಗುತ್ತದೆ. ನನ್ನ ತವರಿನ ಬಾವಿಯಲ್ಲೂ ಒಂದಿತ್ತು. ಕೊಡಪಾನ ಇಳಿಸಿದಾಗ ತಲೆ ಎತ್ತಿ ನೋಡಿ ಮುಳುಗುತ್ತಿತ್ತು. ಆ ಹೆಂಗಸು ಇದಕ್ಕೆ ಏನು ಹಾಕಬೇಕು, ಏನು ಹಾಕಬಾರದು ಎಂದು ಹೇಳುತ್ತಲೇ ಇದ್ದಳು. ನಾನು ಕೇಳಲಿಲ್ಲ. ಬಾವಿಗೆ ಬಿಡುವ ಆಮೆಗೆ ಯಾರು ಊಟ ಬಡಿಸುತ್ತಾರೆ? ಬುಟ್ಟಿ ತೆಗೆದುಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಮಗ ಕೆಲಸಕ್ಕೆ ಹೋಗಿದ್ದ, ಸೊಸೆ ಅಂಕೋಲೆಗೆ ಹೋಗಿದ್ದಳು. ಕೊಡಪಾನದಲ್ಲಿ ಆಮೆಯನ್ನು ಇಟ್ಟು ಹಗ್ಗ ಬಿಟ್ಟೆ. ನೀರು ಮುಟ್ಟಿದ ಮೇಲೆ ಕೊಡಪಾನ ಓರೆ ಮಾಡಿದೆ. ಆಮೆ ನೀರಿಗೆ ಬಿತ್ತು. ನಾಲ್ಕೂ ಕಾಲು ಬಡಿಯಿತು. ಆಡುತ್ತಿದೆ ಎಂದುಕೊಂಡೆ. ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟು ಬಂದೆ. ಬಗ್ಗಿ ನೋಡಿದರೆ ಮೇಲೆ ಏನೂ ಇಲ್ಲ, ಬರೇ ನಾಲ್ಕು ಗುಳ್ಳೆ.

ಆಮೆ ಮುಳುಗುವುದು ಸಹಜ, ಮತ್ತೆ ಏಳುತ್ತದೆ ಎಂದು ಕಾದೆ. ಏಳಲಿಲ್ಲ. ಮೇ ತಿಂಗಳ ನೀರು, ತಳ ಕಾಣುತ್ತಿತ್ತು. ತಳದಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು.

ಬಾವಿಗೆ ಕೊಡಪಾನ ಬಿದ್ದರೆ ಎತ್ತಲು ಪಾತಾಳಗರಡಿ ಎಂದು ಇರುತ್ತದೆ, ಸುತ್ತಲೂ ಕೊಕ್ಕೆ ಇರುವ ಕಬ್ಬಿಣದ ಗೊಂಚಲು. ಅದನ್ನು ಇಳಿಸಿದೆ. ಕೊಡಪಾನಕ್ಕೆ ಕಂಠ ಇರುತ್ತದೆ, ಕೊಕ್ಕೆ ಸಿಗುತ್ತದೆ. ಆಮೆಗೆ ಕೊಕ್ಕೆ ಸಿಗುವ ಜಾಗವೇ ಇಲ್ಲ. ನಾಲ್ಕು ಸಲ ಜಾರಿತು. ಆಮೇಲೆ ಸೀರೆ ಕಚ್ಚೆ ಹಾಕಿ, ಹಗ್ಗವನ್ನು ಗಡಗಡೆಯ ಕಂಬಕ್ಕೆ ಬಿಗಿದು, ಬಾವಿ ಚೊಕ್ಕ ಮಾಡುವವರು ಕಾಲಿಡುವ, ಗೋಡೆಯ ಚೀರೆಕಲ್ಲಿನ ತೂತುಗಳಲ್ಲಿ ಕಾಲಿಟ್ಟು ನಾನೇ ಇಳಿದೆ. ಆಗ ನನಗೆ ಅರವತ್ತು ದಾಟಿತ್ತು. ಬಿದ್ದಿದ್ದರೆ ಎರಡು ಹೆಣ ಎತ್ತಬೇಕಾಗುತ್ತಿತ್ತು. ನೀರು ಸೊಂಟದವರೆಗೆ. ಆಮೆಯನ್ನು ಮಡಿಲಿಗೆ ಕಟ್ಟಿಕೊಂಡು ಮೇಲೆ ಬಂದೆ.

ಹುಟ್ಟುವಾಗ ನೀರು ಕುಡಿದ ಕರುವನ್ನು ಹಿಂಗಾಲು ಹಿಡಿದು ತಲೆಕೆಳಗೆ ಮಾಡುವುದು ನನಗೆ ಗೊತ್ತು. ಅದನ್ನೇ ಮಾಡಿದೆ. ತಲೆ ಕೆಳಗೆ ಹಿಡಿದು, ಮುಂಗಾಲು ಎಳೆದು ಒತ್ತಿ, ಎಳೆದು ಒತ್ತಿ. ಮೂಗಿನಿಂದ, ಬಾಯಿಂದ ನೀರು ಬಂತು. ಬಹಳ ಹೊತ್ತಿನ ಮೇಲೆ ಒಂದು ಕಾಲು ನನ್ನ ಹೆಬ್ಬೆರಳನ್ನು ತಳ್ಳಿತು. ಆಗ ನಾನು ಆ ಕಾಲನ್ನು ಸರಿಯಾಗಿ ನೋಡಿದೆ. ತವರಿನ ಬಾವಿಯ ಆಮೆಯ ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ ಇತ್ತು. ಇದರದ್ದು ಸಣ್ಣ ಆನೆಯ ಕಾಲು. ನಡೆಯುವ ಕಾಲು. ಈಜುವ ಕಾಲಲ್ಲ. ಬಾವಿಗೆ ಇಳಿಸುವ ಮೊದಲು ಇದನ್ನು ನೋಡಲು ನನಗೆ ಕಣ್ಣು ಇರಲಿಲ್ಲವೇ? ಇತ್ತು. ಆಮೆ ಎಂದರೆ ಆಮೆ ಎಂದುಕೊಂಡಿದ್ದೆ.

ಇದನ್ನು ಯಾರಿಗೂ ಹೇಳಲಿಲ್ಲ. ನನ್ನ ಕಾಲಿನ ಕೆಸರು, ಆಮೆಯ ಹೊಲಸು ಎಲ್ಲ ನೀರಿಗೆ ಸೇರಿತ್ತು. ಪಂಚಾಯ್ತಿಯವರು ಕೊಟ್ಟ ಬ್ಲೀಚಿಂಗ್ ಪುಡಿ ಮನೆಯಲ್ಲಿತ್ತು, ಲೆಕ್ಕ ನೋಡದೆ ಸುರಿದೆ. ಸಂಜೆ ನೀರು ಮಡ್ಡಿಯಾಗಿ ವಾಸನೆ ಹೊಡೆಯಿತು. ಅಕ್ಕಪಕ್ಕದವರು ಕೊಡ ಹಿಡಿದು ನಿಂತು ಏನಾಯಿತೆಂದು ಕೇಳಿದರು.

ಇಲ್ಲಿ ನಾನು ಮಾಡಿದ್ದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಆ ಬಾವಿಯ ಕಟ್ಟಳೆ ಕಾಯುತ್ತಿದ್ದವಳು ನಾನು. ಹೆಂಗಸರು ಹೊರಗಾದ ಮೂರು ದಿನ ಹಗ್ಗ ಮುಟ್ಟುವಂತಿಲ್ಲ, ಐದೂ ಮನೆಗೆ ಅದೇ ಕಾಯಿದೆ. ಸೊಸೆ ಆಗ ಮೂರನೇ ದಿನದಲ್ಲಿದ್ದಳು. ನಸುಕಿನಲ್ಲಿ ಮುಟ್ಟಬಾರದವರು ಹಗ್ಗ ಮುಟ್ಟಿರಬೇಕು, ಅದಕ್ಕೇ ನೀರು ಕೆಟ್ಟಿತು ಎಂದೆ. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ತಾನು ಮುಟ್ಟಿಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮಗ ಗದರಿದ. ಅವಳು ನಾಲ್ಕು ದಿನ ತವರಿಗೆ ಹೋಗಿ ಕುಳಿತಳು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆಮೆ ಅಂಗಳದಲ್ಲಿ ಉಳಿಯಿತು. ಉಳಿಸಿಕೊಂಡೆ ಎನ್ನಲಾರೆ, ಇನ್ನೇನು ಮಾಡುವುದೆಂದು ತಿಳಿಯಲಿಲ್ಲ. ಹೇಗೆ ಸಾಕಬೇಕೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೇ ಹೆಚ್ಚು ಹೇಳುತ್ತಾರೆ. ಒಬ್ಬಳು ಅನ್ನ ಹಾಕು ಎಂದಳು. ಅನ್ನ, ಮೀನಿನ ಸಾರು ಕಲಸಿ ಹಾಕಿದೆ, ಗಬಗಬ ತಿಂದಿತು, ಎರಡು ದಿನ ಭೇದಿ ಮಾಡಿತು. ಇನ್ನೊಬ್ಬಳು ಚಿಪ್ಪು ಒಡೆಯದಿರಲು ಕೊಬ್ಬರಿ ಎಣ್ಣೆ ಹಚ್ಚು ಎಂದಳು. ಹಚ್ಚಿದೆ, ಮೈಯೆಲ್ಲ ಧೂಳು ಮೆತ್ತಿ ಇರುವೆ ಸಾಲುಗಟ್ಟಿತು. ಬಟ್ಟೆ ಸೋಪು ಹಾಕಿ ತಿಕ್ಕಿದ್ದಕ್ಕೆ ಒಂದು ವಾರ ತಲೆಯನ್ನೇ ಹೊರಗೆ ಹಾಕಲಿಲ್ಲ. ಆಮೇಲೆ ಯಾರ ಮಾತೂ ಕೇಳುವುದು ಬಿಟ್ಟು ಅದು ಏನು ಮಾಡುತ್ತದೆ ಎಂದು ನೋಡತೊಡಗಿದೆ.

ಬೆಳಗಿನ ಬಿಸಿಲಿಗೆ ತಾನಾಗಿ ಬಂದು ಕಾಲು ಚಾಚಿ ಮಲಗುತ್ತಿತ್ತು. ಬಿಸಿಲು ಏರಿದರೆ ಬಸಳೆ ಚಪ್ಪರದ ಕೆಳಗೆ. ಬಸಳೆ ಎಲೆ, ಹರಿವೆ, ಹುಲ್ಲಿನ ಕುಡಿ, ಬಿದ್ದ ದಾಸವಾಳ ಇಷ್ಟ. ಟೊಮೆಟೋ ಕೊಟ್ಟರೆ ಬಾಯಿಯೆಲ್ಲ ಕೆಂಪು ಮಾಡಿಕೊಂಡು ತಿನ್ನುತ್ತಿತ್ತು, ಆದರೆ ಮತ್ತೆ ಭೇದಿ. ಅದಕ್ಕೆ ಟೊಮೆಟೋ ಬಂದ್. ಗೋಡೆಯ ಸುಣ್ಣವನ್ನು ಕೆರೆದು ತಿನ್ನುವುದು ಕಂಡೆ. ಮೊಟ್ಟೆ ಇಡುವ ಕೋಳಿಯೂ ಹಾಗೇ ಮಾಡುತ್ತದೆ, ಮೈಗೆ ಸುಣ್ಣ ಸಾಲದಾಗ. ಕಡಲ ದಂಡೆಗೆ ಬಂದು ಬೀಳುವ ಬಿಳಿ ಹಗುರ ಮೂಳೆ ಇರುತ್ತದಲ್ಲ, ನಾವು ಕಡಲನೊರೆ ಎನ್ನುತ್ತೇವೆ, ಅದನ್ನು ಆರಿಸಿ ತಂದು ಹಾಕಿದೆ. ಗೋಡೆ ಬಿಟ್ಟಿತು. ನೀರು ಬೇಕು ಅದಕ್ಕೆ, ಆದರೆ ಊಟದ ತಟ್ಟೆಯಲ್ಲಿ ನಿಲ್ಲುವಷ್ಟು. ಗದ್ದ ಮುಳುಗಬಾರದು. ಮಳೆಗಾಲದಲ್ಲಿ ಮೂಗು ಸೋರಿತು, ಕಣ್ಣು ಮುಚ್ಚಿಕೊಂಡು ಬಿದ್ದಿತ್ತು. ಕೊಟ್ಟಿಗೆಯಲ್ಲಿ ಒಂದು ಪೆಟ್ಟಿಗೆಗೆ ಒಣಹುಲ್ಲು ತುಂಬಿ ಮೇಲೆ ಬಲ್ಬು ತೂಗುಹಾಕಿದೆ. ಕರೆಂಟು ಹೋದ ದಿನ ಬಿಸಿನೀರಿನ ಬಾಟಲಿ. ಹನ್ನೆರಡನೇ ದಿನ ಎದ್ದು ಬಂದು ಹರಿವೆ ತಿಂದಿತು.

ಇಂಥ ಆಮೆಯನ್ನು ಮನೆಯಲ್ಲಿಡುವುದು ಕಾನೂನಿಗೆ ಸಲ್ಲದು ಎಂದು ನನಗೆ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ, ಅರಣ್ಯದವರು ಬಂದು ಒಯ್ದ ದಿನ. ನಾನು ಅಡ್ಡ ಬರಲಿಲ್ಲ. ಏನು ತಿನ್ನುತ್ತದೆ, ಏನು ತಿನ್ನಬಾರದು ಎಂದು ಹೇಳಿ, ಅವರು ಬರೆದುಕೊಳ್ಳುವವರೆಗೆ ಪೆಟ್ಟಿಗೆ ಬಿಡಲಿಲ್ಲ. ಈಗ ಹೇಳುತ್ತಿರುವುದು ಅದಕ್ಕೆ ಬಹಳ ಮೊದಲಿನದು.

ಆಮೆ ಮನೆ ಹೊಕ್ಕರೆ ಮನೆ ಹಾಳು ಎಂಬ ನಂಬಿಕೆ ನಮ್ಮಲ್ಲಿ ಇದ್ದೇ ಇದೆ. ಬಾವಿಯಲ್ಲಿ ಇದ್ದರೆ ದೋಷವಿಲ್ಲ, ದೇವಸ್ಥಾನದ ಬಾಗಿಲಲ್ಲಿ ಕಲ್ಲಿನದಿದ್ದರೆ ಕೈ ಮುಗಿಯುತ್ತಾರೆ, ಹೊಸ್ತಿಲು ದಾಟಿದರೆ ಮಾತ್ರ ಕೇಡು. ಪಕ್ಕದ ಮನೆಯವಳು ಮೊದಲ ತಿಂಗಳಿಂದಲೇ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಆಮೆ ನಿಜವಾಗಿಯೂ ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಕೂತಿತು. ಅದೇ ವಾರ ಮಗ ಕೆಲಸ ಮುಗಿಸಿ ಬರುವಾಗ ಅರ್ಗಾದ ಹತ್ತಿರ, ನೌಕಾನೆಲೆಯ ಉದ್ದ ಗೋಡೆಯ ಪಕ್ಕದ ರಸ್ತೆಯಲ್ಲಿ, ಎಮ್ಮೆ ಅಡ್ಡ ಬಂದು ಬೈಕಿನಿಂದ ಬಿದ್ದ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್.

ಎಮ್ಮೆಯನ್ನು ಯಾರೂ ಬೈಯಲಿಲ್ಲ. ಎಲ್ಲರೂ ಆಮೆಯನ್ನು ಬೈದರು.

ಸೊಸೆ ಹೆದರಿದಳು. ಗಂಡನ ಕಾಲು ಮುರಿದಿದೆ, ಮುಂದೆ ಏನು ಕಾದಿದೆಯೋ ಎಂದು ಅವಳು ಹೆದರಿದ್ದರಲ್ಲಿ ತಪ್ಪೇನಿಲ್ಲ. ಮಗನೇ ಭಟ್ಟರಿಗೆ ಹೇಳಿ ಕಳುಹಿಸಿದ. ಭಟ್ಟರು ಒಳ್ಳೆಯವರು, ಕೊಲ್ಲು ಎನ್ನಲಿಲ್ಲ. ಏಕಾದಶಿಯ ದಿನ ಅರಿಶಿನ ಕುಂಕುಮ ಇಟ್ಟು ದೇವಸ್ಥಾನದ ಕೆರೆಗೆ ಬಿಡಿ, ದೋಷವೂ ಹೋಯಿತು, ಪ್ರಾಣಿಯೂ ತನ್ನ ಜಾಗ ಸೇರಿತು ಎಂದರು. ಎಲ್ಲರಿಗೂ ಸಮಾಧಾನ ಆಯಿತು. ನನಗೆ ಮಾತ್ರ ಆಗಲಿಲ್ಲ. ಆ ಕೆರೆಗೆ ಸುತ್ತಲೂ ಕಲ್ಲು ಕಟ್ಟಿದೆ, ಮೆಟ್ಟಿಲ ಮೇಲೆಯೇ ಆಳು ಮುಳುಗುವ ನೀರು. ಪಾಪ ತೊಳೆಯುವ ಹೆಸರಿನಲ್ಲಿ ಅದನ್ನು ಕೊಲ್ಲಲು ಹೊರಟಿದ್ದರು, ಮತ್ತು ಅದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಮೂರು ದಿನ ವಾದ ಮಾಡಿದೆ. ಇದು ನೆಲದ ಆಮೆ, ನೀರಿಗೆ ಹಾಕಿದರೆ ಸಾಯುತ್ತದೆ ಎಂದೆ. ನಕ್ಕರು. ಕಾಲು ತೋರಿಸಿದೆ. ಆಮೆಯ ಕಾಲು ಆಮೆಯ ಹಾಗೇ ಇದೆಯಲ್ಲ ಎಂದರು. ಕಾಡಿಗೆ ಬಿಟ್ಟು ಬರುತ್ತೇನೆ ಎಂದೆ. ಭಟ್ಟರು ಹೇಳಿದ್ದು ಕೆರೆ, ಕಾಡಲ್ಲ ಎಂದರು. ಮೂರು ದಿನವೂ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ಹೇಳಿದೆ. ಆ ಒಂದು ಮಾತು ಹೇಳಿದರೆ ಐದು ಮನೆಯ ಎದುರು ನನ್ನ ಮುಖ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಏಕಾದಶಿ ಬೆಳಿಗ್ಗೆ ರಿಕ್ಷಾ ಬಂತು. ಸೊಸೆ ಆಮೆಯನ್ನು ಹೆಡಗೆಯಲ್ಲಿಟ್ಟು, ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ದಾಸವಾಳ ಏರಿಸಿದ್ದಳು. ಹೂವು ಜಾರಿ ಮುಂದೆ ಬಿತ್ತು, ಅದು ತಿಂದುಹಾಕಿತು. ಮಗ ಊರುಗೋಲು ಹಿಡಿದು ಹೊರಗೆ ಬಂದ. ಪಕ್ಕದ ಮನೆಯವಳು ಬೇಲಿಯ ಹತ್ತಿರ ಬಂದು ನಿಂತಿದ್ದಳು, ಹೋಗುವುದನ್ನು ನೋಡಿಯೇ ಹೋಗುತ್ತೇನೆ ಎಂಬ ಹಾಗೆ. ಸೊಸೆ ಹೆಡಗೆಯನ್ನು ರಿಕ್ಷಾದಲ್ಲಿಟ್ಟಳು. ನಾನು ಹೋಗಿ ರಿಕ್ಷಾದ ಮುಂದಿನ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ.

"ಆಯೀ, ಏಳ್. ಜನ ನೋಡ್ತ್ರು," ಎಂದ ಮಗ.

"ನೋಡ್ಲಿ. ಅದನ್ನ ಕೆರೆಗೆ ಹಾಕೂಕೆ ನಾ ಬಿಡೂದಿಲ್ಲ. ಅದು ಸಾಯ್ತದೆ."

"ಆಮೆ ನೀರಲ್ಲಿ ಸಾಯ್ತದೆ ಅಂತೆ. ನಾಳೆ ಮೀನು ನೀರಲ್ಲಿ ಸಾಯ್ತದೆ ಅಂತೀ. ಮೂರನೇ ಇಯತ್ತೆ ಓದಿದವಳು, ಇದನ್ನೆಲ್ಲ ಯಾವ ಶಾಲೇಲಿ ಕಲ್ತೆ?"

"ನಮ್ಮ ಬಾವೀಲಿ ಕಲ್ತೆ," ಎಂದೆ.

ಬಾಯಿಂದ ಬಂದ ಮೇಲೆ ನಿಲ್ಲಿಸಿ ಪ್ರಯೋಜನವಿರಲಿಲ್ಲ. ನೆಲದ ಮೇಲೆ ಕೂತೇ ಎಲ್ಲ ಹೇಳಿದೆ. ಕೊಡಪಾನದಲ್ಲಿ ಇಳಿಸಿದ್ದು, ಅದು ತಳ ಸೇರಿದ್ದು, ಪಾತಾಳಗರಡಿ ಜಾರಿದ್ದು, ನಾನು ಇಳಿದದ್ದು, ತಲೆಕೆಳಗೆ ಹಿಡಿದದ್ದು. ರಿಕ್ಷಾದವನು ಎಂಜಿನ್ ಬಂದ್ ಮಾಡಿದ. ಪಕ್ಕದ ಮನೆಯವಳ ಬಾಯಿ ತೆರೆದೇ ಇತ್ತು. ಸೊಸೆ ಮಾತ್ರ ಹತ್ತಿರ ಬಂದು ನಿಂತಳು.

"ಯಾವಾಗ ಅತ್ತೆ ಇದು?"

"ವೈಶಾಖದಲ್ಲಿ. ನೀನು ಅಂಕೋಲೆಗೆ ಹೋದ ದಿನ."

"ನೀರು ಕೆಟ್ಟಿತ್ತಲ್ಲ, ಆ ದಿನ?"

"ಅದೇ ದಿನ. ಕೆಸರು ಮಾಡಿದ್ದು ನಾನು. ಬ್ಲೀಚಿಂಗ್ ಸುರಿದದ್ದೂ ನಾನು."

"ನಾ ಮುಟ್ಟಿದ್ದಕ್ಕಲ್ಲ."

"ಅಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭ ಆಗುತ್ತಿತ್ತು. ಮಗ ಎಡವಟ್ಟಾಗಿ ನಿಂತು, ಆಮೆಯನ್ನು ಉಳಿಸಲು ಆಯಿ ಈಗ ಕಥೆ ಕಟ್ಟುತ್ತಿದ್ದಾಳೆ ಎಂದ. ಸೊಸೆ ಅವನ ಕಡೆ ತಿರುಗಿದಳು.

"ನಿಮ್ಮ ಆಯಿ ತನ್ನ ಮೇಲೆ ತಾನೇ ಕಥೆ ಕಟ್ಟೂದನ್ನ ನೀವು ಯಾವತ್ತಾದ್ರೂ ಕಂಡೀರಾ?" ಎಂದಳು. ಆಮೇಲೆ ಆಮೆಯ ಹೆಡಗೆಯ ಕಡೆ ಕೈ ತೋರಿಸಿ, "ನನ್ನ ಮೇಲೆ ಹಾಕಿದ್ದು ಸುಳ್ಳಾದ್ರೆ, ಇದರ ಮೇಲೆ ಹಾಕಿದ್ದು ಖರೆ ಹೆಂಗೆ?"

ಆ ಮಾತು ನನಗೂ ಅದುವರೆಗೆ ಹೊಳೆದಿರಲಿಲ್ಲ. ಅವಳು ರಿಕ್ಷಾದಿಂದ ಹೆಡಗೆ ಇಳಿಸಿ ಬಸಳೆ ಚಪ್ಪರದ ಕೆಳಗಿಟ್ಟು ಬಂದಳು. ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ನಿಂತಳು. ಕೈ ಕೊಟ್ಟು ಎಬ್ಬಿಸಲಿಲ್ಲ.

"ಅದು ಇರ್ಲಿ. ಆದ್ರೆ ಇನ್ನು ಮೇಲೆ ತಿಂಗಳ ಮೂವತ್ತು ದಿನಾನೂ ಆ ಬಾವೀಲಿ ನಾ ನೀರು ಸೇದ್ತೆ. ಹೊರಗಾದ್ರೂ ಸೇದ್ತೆ. ಯಾರಾದ್ರೂ ಕೇಳಿದ್ರೆ ನಾ ಉತ್ತರ ಕೊಡೂದಿಲ್ಲ. ನೀವೇ ಕೊಡ್ಬೇಕು."

ನನಗೆ ಸಿಟ್ಟು ಬಂತು. ನಲವತ್ತು ವರ್ಷ ಆ ಬಾವಿಯ ಕಟ್ಟೆಯನ್ನು ನಾನು ಕಾದಿದ್ದೆ, ನನ್ನ ಅತ್ತೆ ನನಗೆ ಮಾಡಿದ ಕಾಯಿದೆಯನ್ನೇ ಮುಂದುವರಿಸಿದ್ದೆ. ನಾನು ಅದೇ ಮೂರು ದಿನ ಪಕ್ಕದ ಮನೆಯವರು ಸೇದಿ ಹೊಯ್ಯಲಿ ಎಂದು ಖಾಲಿ ಕೊಡ ಇಟ್ಟು ಕಾದವಳು. ಇವಳಿಗೆ ಮಾತ್ರ ಯಾಕೆ ಬಿಡಬೇಕು ಎಂಬ ಹೊಟ್ಟೆಯುರಿಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಆದರೆ ಆ ದಿನ ನೀರು ಕೆಡಿಸಿದ್ದು ಯಾರು ಎಂದು ಅಲ್ಲಿದ್ದ ಎಲ್ಲರಿಗೂ ಈಗ ಗೊತ್ತಾಗಿತ್ತು. ಆಗಲಿ ಎಂದೆ. ನೆಲಕ್ಕೆ ಕೈಯೂರಿ ನಾನೇ ಎದ್ದೆ.

ಮಗ ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಭಟ್ಟರು ದಾರಿಯಲ್ಲಿ ಸಿಕ್ಕಾಗ, ಕೆರೆಗೆ ಬಿಟ್ಟಿರಾ ಎಂದು ಕೇಳಿದರು. ಇಲ್ಲ, ಅದಕ್ಕೆ ಈಜು ಬರುವುದಿಲ್ಲ ಎಂದೆ. ಅವರು ತಮಗೂ ಅದು ಗೊತ್ತಿರಲಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಗಳದಲ್ಲಿ ಜನ ಆಡಿಕೊಂಡದ್ದು ಬೇಕಾದಷ್ಟಿದೆ. ಆಮೆಯನ್ನು ಬಾವಿಗೆ ಹಾಕಿ ತಾನೇ ಹಾರಿದ ಮುದುಕಿ ಎಂದು ಸಂತೆಯವರೆಗೆ ಸುದ್ದಿ ಹೋಗಿತ್ತು. ಹಾರಿಲ್ಲ, ಇಳಿದೆ ಎಂದು ತಿದ್ದಿ ಸೊಪ್ಪು ಮಾರಿದೆ.

ಮಾರ್ಗಶಿರದಲ್ಲಿ ಸೊಸೆ ಹೊರಗಾದಳು. ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆ, ಎಲ್ಲರೂ ನೀರಿಗೆ ಬರುವ ಹೊತ್ತು. ಅವಳು ಬೇಕೆಂದೇ ಆ ಹೊತ್ತನ್ನು ಆರಿಸಿದ್ದಳು ಎಂದು ನನಗೆ ಗೊತ್ತು. ಸೆರಗು ಸಿಕ್ಕಿಸಿ ಕಟ್ಟೆ ಹತ್ತಿ ಹಗ್ಗ ಬಿಟ್ಟಳು. ಗಡಗಡೆ ಕೂಗಿತು. ಪಕ್ಕದ ಮನೆಯವಳು ಕೊಡ ಹಿಡಿದು ಬಂದವಳು ಅಲ್ಲೇ ನಿಂತಳು. ಹಿಂದಿನ ದಿನ ಸೊಸೆ ದೇವರ ಕೋಣೆಯ ಕಡೆ ಹೋಗದ್ದನ್ನು ಅವಳು ನೋಡಿದ್ದಳು. ಅವಳು ಸೊಸೆಯನ್ನು ಕೇಳಲಿಲ್ಲ, ನನ್ನನ್ನು ನೋಡಿದಳು.

ನಾನು ಆಮೆಗೆ ಹರಿವೆ ಹೆಚ್ಚುತ್ತಿದ್ದೆ. ಕತ್ತಿ ಕೆಳಗಿಟ್ಟೆ.

"ಹೌದು, ಇವತ್ತು ಎರಡನೇ ದಿವಸ," ಎಂದೆ.

"ಮತ್ತೆ ನಾವು ನೀರು?"

"ಬೇಕಾದ್ರೆ ಸೇದ್ಕಾ. ಬ್ಯಾಡಾದ್ರೆ ಹೆದ್ದಾರಿ ಆಚೆ ನಲ್ಲಿ ಉಂಟು."

ಅವಳು ಹೆದ್ದಾರಿಯ ಕಡೆ ನೋಡಿದಳು. ಗದ್ದೆ ಬಯಲು ದಾಟಿ, ದಿಬ್ಬ ಹತ್ತಿ, ಲಾರಿಗಳ ನಡುವೆ ರಸ್ತೆ ದಾಟಿ ಹೋಗಬೇಕು, ತುಂಬಿದ ಕೊಡದ ಜೊತೆ ಹಾಗೆಯೇ ಬರಬೇಕು. ಬಿಸಿಲು ಆಗಲೇ ಏರಿತ್ತು. ನಾನು ತಲೆ ತಗ್ಗಿಸಲಿಲ್ಲ. ಸೊಸೆ ತನ್ನ ಕೊಡ ತುಂಬಿಸಿ ಕಟ್ಟೆಯಿಂದ ಇಳಿದು, ಹಗ್ಗದ ತುದಿಯನ್ನು ಅವಳ ಕಡೆ ಚಾಚಿದಳು. ಪಕ್ಕದ ಮನೆಯವಳು ಕೊಡ ಕೆಳಗಿಟ್ಟು ಹಗ್ಗ ಹಿಡಿದಳು.